ತೊಟ್ಟಿಲ ಪಕ್ಕ ಕೂತು ಕಲಿತದ್ದು

ಮುಂಬಯಿ ಬಳಿಯ ಠಾಕುರ್ಲಿ ಸ್ಟೇಷನ್ನಿನಿಂದ ನಡೆದೇ ಬರಬಹುದಾದ ದೂರದಲ್ಲಿ ನನ್ನದೊಂದು ಚಿಕ್ಕ ಕೋಣೆ. ಒಂದು ಚಾಪೆ, ಎರಡು ದಿಂಬು, ಒಂದು ಗಿಲಕಿ. ಬಾಣಂತನ ಮುಗಿಸಿ ಊರಿಂದ ಬಂದವರು, ಊರಿಗೆ ಹೋಗಲಾಗದೆ ಇಲ್ಲೇ ಉಳಿದವರು ಕೂಸನ್ನೆತ್ತಿಕೊಂಡು ಬರುತ್ತಾರೆ. ಮಗುವಿನ ಮೇಲೆ ಮಾಯೆ ಹುಟ್ಟುತ್ತಿಲ್ಲ ಎನ್ನಲು ಯಾವ ತಾಯಿಗೂ ಬಾಯಿ ಬರುವುದಿಲ್ಲ. ಹಾಲು ಕುಡಿಯುವುದಿಲ್ಲ, ನಿದ್ದೆ ಮಾಡುವುದಿಲ್ಲ ಎಂದೇ ಮಾತು ಶುರುವಾಗುತ್ತದೆ. ತಾಯಿ ಮಗುವಿನ ಬೆಸುಗೆಗೆ ಆಸರೆಯಾಗುವ ಈ ಕೆಲಸದಲ್ಲಿ ನಾನು ಎಡವಿದ್ದನ್ನು ಬರೆದಿಡುತ್ತಿದ್ದೇನೆ, ಹೊಸದಾಗಿ ಬರುವವರಿಗೆ ಬೇಕಾದೀತು.

1. ಕೂಸನ್ನು ನಾನೇ ಎತ್ತಿಕೊಂಡೆ

ಎಳೆಗೂಸಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು, ಅಂದರೆ ಎದೆಹಾಲು ಕುಡಿಯುವಾಗ ಅಮ್ಮನ ಮುಖ ಇರುವಷ್ಟು ದೂರ. ಅದನ್ನು ತೋರಿಸಿಕೊಡಲು ಹೋಗಿ ಎರಡು ತಿಂಗಳ ಮಗುವನ್ನು ತಾಯಿಯ ಕೈಯಿಂದ ತೆಗೆದುಕೊಂಡೆ. ನಿಧಾನಕ್ಕೆ ಮಾತಾಡಿಸಿದೆ, ನಕ್ಕಿತು. ನನಗೆ ಖುಷಿಯಾಯಿತು. ಆಕೆ ಮೆಲ್ಲನೆ, “ನಿಮ್ಮನ್ನು ನೋಡಿದರೆ ನಗುತ್ತದೆ, ನನ್ನನ್ನು ನೋಡಿದರೆ ಅಳುತ್ತದೆ” ಎಂದಳು. ಮುಂದಿನ ವಾರ ಬರಲಿಲ್ಲ, ಆಮೇಲೂ ಬರಲಿಲ್ಲ. ಈಗ ನನ್ನ ಕೈಗಳು ನನ್ನ ಮಡಿಲಲ್ಲೇ ಇರುತ್ತವೆ.

2. ತಾಳ ತಪ್ಪಿದ್ದನ್ನೇ ತೋರಿಸಿದೆ

ತಾಯಿ ಮಗು ಆಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಜೊತೆಗೆ ಕೂತು ನೋಡುವ ಕ್ರಮ ನಮ್ಮಲ್ಲಿದೆ. ಮೊದಮೊದಲು ನಾನು ನಿಲ್ಲಿಸಿ ತೋರಿಸುತ್ತಿದ್ದುದು ಮಗು ಕರೆದಾಗ ತಾಯಿ ಬೇರೆಲ್ಲೋ ನೋಡಿದ ಗಳಿಗೆಯನ್ನು. ಒಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಾಯಿ ಮುಖದಲ್ಲಿ ಭಾವವೇ ಇಲ್ಲದೆ ಕೂತರೆ ಕೂಸು ಎಷ್ಟು ಬೇಗ ಕಂಗಾಲಾಗುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲೇ ತೋರಿಸಿದ್ದರು. ನಾನು ಅಷ್ಟನ್ನೇ ಓದಿ ಹೆದರಿದ್ದೆ. ಆರೋಗ್ಯವಾಗಿರುವ ತಾಯಿ ಮಗು ಕೂಡ ಒಟ್ಟಿಗಿರುವ ಹೊತ್ತಿನ ಸುಮಾರು ಮೂರನೇ ಒಂದು ಭಾಗದಲ್ಲಷ್ಟೇ ಒಂದೇ ಲಯದಲ್ಲಿರುತ್ತಾರೆ, ಉಳಿದದ್ದೆಲ್ಲ ತಪ್ಪುವುದು, ಮತ್ತೆ ಕೂಡುವುದು ಎಂದೂ ಅವರು ಕಂಡುಕೊಂಡಿದ್ದರು. ಅದು ನನ್ನ ಕಣ್ಣಿಗೆ ತಡವಾಗಿ ಬಿತ್ತು. ಈಗ ಹುಡುಕುವುದು ಆ ಮತ್ತೆ ಕೂಡುವ ಎರಡು ಸೆಕೆಂಡುಗಳನ್ನು.

3. ಹತ್ತನೆಯ ಪ್ರಶ್ನೆಯನ್ನು ಬಿಟ್ಟೆ

ಬಾಣಂತಿಯ ಖಿನ್ನತೆಯನ್ನು ಗುರುತಿಸಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ. ಕೊನೆಯದು, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. ಕುಂದಾಪುರ ಕಡೆಯ ಒಬ್ಬ ತಾಯಿಗೆ ಅತ್ತೆಯ ಎದುರಿನಲ್ಲೇ ಹಿಂದಿಯಲ್ಲಿ ಒಂಬತ್ತು ಕೇಳಿದೆ, ಸಂಕೋಚವಾಗಿ ಹತ್ತನೆಯದನ್ನು ಬಿಟ್ಟೆ. ಅವಳು ನಗುನಗುತ್ತ “ಸಬ್ ಠೀಕ್” ಎಂದಳು, ನಾನೂ ಹಾಗೇ ಬರೆದುಕೊಂಡೆ. ಮೂರು ವಾರದ ಮೇಲೆ ಒಬ್ಬಳೇ ಬಂದಾಗ ಕನ್ನಡದಲ್ಲಿ, “ಅಕ್ಕಾ, ಇದು ಬೇರೆ ಯಾರದೋ ಮಗು ಅನ್ನಿಸುತ್ತದೆ. ಲೋಕಲ್ ಬರುವ ಶಬ್ದ ಕೇಳಿದಾಗೆಲ್ಲ ಕೆಟ್ಟ ಯೋಚನೆ ಬರುತ್ತದೆ” ಎಂದಳು. ಅವಳ ಮನೆಯಿರುವುದು ಹಳಿಯ ಪಕ್ಕದಲ್ಲೇ. ಅಷ್ಟು ದಿನ ಆ ಶಬ್ದದ ನಡುವೆ ಅವಳೊಬ್ಬಳೇ ಇದ್ದಳು ಎಂಬುದು ಇವತ್ತಿಗೂ ನನ್ನನ್ನು ಎಬ್ಬಿಸುತ್ತದೆ.

ಅವತ್ತೇ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂದು ಮನೆಯವರಿಗೆ ದಿಗಿಲು. 2017ರ ಮಾನಸಿಕ ಆರೋಗ್ಯ ಕಾಯ್ದೆ ಆಸ್ಪತ್ರೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ಇದನ್ನೆಲ್ಲ ನಾನು ಮೊದಲೇ ಹೇಳಿದ್ದರೆ ಅವಳು ಮೊದಲೇ ಬಾಯಿ ಬಿಡುತ್ತಿದ್ದಳೇನೋ. ಔಷಧಿ, ನಿದ್ದೆ, ರಾತ್ರಿ ಮಗುವನ್ನು ನೋಡಿಕೊಂಡ ಅತ್ತೆ, ಇವೆಲ್ಲ ಸೇರಿ ಅವಳು ಚೇತರಿಸಿಕೊಂಡಳು. ಈಗ ಹತ್ತನೆಯದನ್ನು ಒಬ್ಬರೇ ಇರುವಾಗ, ಅವರ ಮನೆಮಾತಿನಲ್ಲಿ ಕೇಳುತ್ತೇನೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಎಲ್ಲರಿಗೂ ಬರೆದುಕೊಡುತ್ತೇನೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

4. ಅಜ್ಜಿಯನ್ನು ಹೊರಗೆ ಕೂರಿಸಿದೆ

ಅಜ್ಜಿಯರು ಮಾತಿಗೆ ಅಡ್ಡ ಬರುತ್ತಾರೆ ಎಂದು ಬಾಗಿಲಾಚೆ ಕುರ್ಚಿ ಹಾಕಿಸಿದ್ದೆ. ಒಬ್ಬ ತಾಯಿ, ಮಗು ಎಷ್ಟು ಅತ್ತರೂ ಎತ್ತಿಕೊಳ್ಳುತ್ತಿರಲಿಲ್ಲ. “ಅಭ್ಯಾಸವಾಗಿಬಿಡುತ್ತದೆ” ಎನ್ನುತ್ತಿದ್ದಳು. ಕೇಳಿದರೆ, ಅವಳ ಅಪ್ಪ ಅಮ್ಮ ಇಲ್ಲಿ ಕ್ಯಾಂಟೀನ್ ನಡೆಸುತ್ತಿದ್ದಾಗ ಎರಡು ವರ್ಷದ ಅವಳನ್ನು ಊರಿನಲ್ಲಿ ಬಿಟ್ಟು ಬಂದಿದ್ದರಂತೆ. ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇದೇನೂ ಅಪರೂಪದ ಕತೆಯಲ್ಲ. ಹೆತ್ತವರ ಬಾಲ್ಯದ ನೋವು ಅವರ ಮಗುವಿನ ತೊಟ್ಟಿಲ ಬಳಿಗೂ ಬರುತ್ತದೆ ಎಂದು ಮನೋವಿಶ್ಲೇಷಕಿ ಸೆಲ್ಮಾ ಫ್ರೈಬರ್ಗ್ ಮತ್ತು ಸಂಗಡಿಗರು 1975ರಲ್ಲೇ ಬರೆದಿದ್ದರು. ವಾರಗಟ್ಟಲೆ ಆ ನೋವಿನ ಬಗ್ಗೆ ಮಾತಾಡಿದೆವು, ಏನೂ ಅಲುಗಲಿಲ್ಲ.

ಒಂದು ದಿನ ಮಗು ಜೋರಾಗಿ ಅತ್ತಾಗ ಹೊರಗಿದ್ದ ಅಜ್ಜಿ ಬಾಗಿಲು ತಳ್ಳಿ ಒಳಗೆ ಬಂದರು. ಮಗುವನ್ನು ಮುಟ್ಟಲಿಲ್ಲ. ಮಗಳ ಪಕ್ಕ ಚಾಪೆಯ ಮೇಲೆ ಕೂತು, “ನೀನು ಅಳುತ್ತಿದ್ದಿ ಮಗಾ. ತಿರುಗಿ ನೋಡಿದರೆ ಇಳಿದುಬಿಡುತ್ತೇನೆಂದು ಬಸ್ಸಿನ ಕಿಟಕಿಯಿಂದ ನೋಡಲೇ ಇಲ್ಲ ನಾನು” ಎಂದರು. ಮಗಳು ಏನೂ ಹೇಳದೆ ತನ್ನ ಕೂಸನ್ನೆತ್ತಿ ಎದೆಗೊತ್ತಿಕೊಂಡಳು. ಆ ಮಾತು ಇಷ್ಟು ವಾರ ನನ್ನ ಬಾಗಿಲಾಚೆಯೇ ಕೂತಿತ್ತು. ಕುರ್ಚಿಯನ್ನು ತೆಗೆಸಿದೆ.

5. ಅಪ್ಪಂದಿರಿಗೆ ಹೊತ್ತೇ ಇಟ್ಟಿರಲಿಲ್ಲ

ನಾನು ಕರೆಯುತ್ತಿದ್ದುದು ಬೆಳಿಗ್ಗೆ ಹನ್ನೊಂದಕ್ಕೆ. ಇಲ್ಲಿನ ಅಪ್ಪಂದಿರು ಆ ಹೊತ್ತಿಗೆ ಲೋಕಲ್ ಹಿಡಿದು ಎಷ್ಟೋ ದೂರ ಹೋಗಿರುತ್ತಾರೆ. “ನಾನು ಹೋಗುವಾಗಲೂ ನಿದ್ದೆ, ಬರುವಾಗಲೂ ನಿದ್ದೆ. ಅವನ ಕಣ್ಣು ಹೇಗಿದೆ ಎಂದು ಸರಿಯಾಗಿ ನೋಡಿಲ್ಲ” ಎಂದ ಒಬ್ಬನ ಮಾತಿನಿಂದ ಭಾನುವಾರ ಮನೆಗೇ ಹೋಗಲು ಶುರುಮಾಡಿದೆ. ಎಣ್ಣೆನೀರಿನ ದಿನ ಅವನೇ ಬಚ್ಚಲಲ್ಲಿ ಕಾಲು ಚಾಚಿ ಕೂತ, ಅಜ್ಜಿ ಮಗುವನ್ನು ಅವನ ಕಾಲ ಮೇಲೆ ಮಲಗಿಸಿ ನೀರಿನ ಹದ ನೋಡಿಕೊಟ್ಟರು. ಮೊದಲ ಚೊಂಬಿಗೆ ಮಗು ಕಿರುಚಿತು. ಅವನು ಗಾಬರಿಯಾಗಿ ನನ್ನತ್ತ ನೋಡಿದ. ನಾನು ಸುಮ್ಮನೆ ನಿಂತಿದ್ದೆ. ಅವನು ಬಗ್ಗಿ, “ಆಯ್ತು ಪುಟ್ಟಾ, ಆಯ್ತು” ಎಂದ. ಮಗು ಅಳು ನಿಲ್ಲಿಸಿ, ಒದ್ದೆ ರೆಪ್ಪೆ ಬಡಿಯುತ್ತ, ಆ ದನಿ ಎಲ್ಲಿಂದ ಬಂತೆಂದು ಅವನ ಮುಖ ಹುಡುಕಿತು.