ಗರ್ಭಿಣಿಯ ನಡಿಗೆಯೂ ರಕ್ತದ ಸಕ್ಕರೆಯೂ

ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿಗಳಲ್ಲಿನ ಪಿಷ್ಟವು ಜೀರ್ಣವಾಗಿ, ಗ್ಲೂಕೋಸ್ ಎಂಬ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುವುದೆಂಬುದನ್ನು ವಾಚಕರು ಬಲ್ಲರು. ಆದರೆ ವಿಶ್ರಾಂತಿಯಲ್ಲಿರುವ ಸ್ನಾಯುವಿನ ಜೀವಕೋಶವು ಈ ಸಕ್ಕರೆಯನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದು. ಮೇದೋಜೀರಕ ಗ್ರಂಥಿಯಿಂದ ಹೊರಟ ಇನ್ಸುಲಿನ್ ಬಂದು ಕರೆದಾಗ, ಕೋಶದೊಳಗೆ ಅಡಗಿದ್ದ ಕೆಲವು ಪ್ರೋಟೀನುಗಳು ಹೊರಪೊರೆಗೆ ಬಂದು ನಿಂತು ಸಕ್ಕರೆಯನ್ನು ಒಳಕ್ಕೆ ಸಾಗಿಸುವುವು.

ಬಸಿರಿನ ಉತ್ತರಾರ್ಧದಲ್ಲಿ ಈ ಏರ್ಪಾಡು ಬದಲಾಗುತ್ತದೆ. ಜರಾಯು, ಎಂದರೆ ಮಾಸು, ಸ್ರವಿಸುವ ಹಾರ್ಮೋನುಗಳು ತಾಯಿಯ ಸ್ನಾಯುಗಳನ್ನು ಇನ್ಸುಲಿನ್ನಿನ ಕರೆಗೆ ಅರೆಕಿವುಡಾಗಿಸುತ್ತವೆ. ಇದು ರೋಗವಲ್ಲ, ಶಿಶುವಿನ ಪಾಲಿಗೆ ಆಹಾರವುಳಿಯಲೆಂದು ಪ್ರಕೃತಿ ಹೂಡಿದ ಉಪಾಯವೆನ್ನಬಹುದು. ಬಹುಮಂದಿ ತಾಯಂದಿರ ಗ್ರಂಥಿಯು ಅಧಿಕ ಇನ್ಸುಲಿನ್ ಸುರಿಸಿ ಸರಿದೂಗಿಸುವುದು. ಅದಾಗದವರಲ್ಲಿ ಸಕ್ಕರೆಯು ರಕ್ತದಲ್ಲೇ ಉಳಿಯುವುದು. ಗರ್ಭಕಾಲದ ಮಧುಮೇಹವೆಂದರೆ ಇದೇ.

ಇದರ ಫಲವನ್ನುಣ್ಣುವುದು ಶಿಶು. ಸಕ್ಕರೆ ಮಾಸನ್ನು ದಾಟುತ್ತದೆ; ತಾಯಿಯ ಇನ್ಸುಲಿನ್ ದಾಟಲಾರದು. ಡೆನ್ಮಾರ್ಕಿನ ವೈದ್ಯ ಯೋರ್ಗೆನ್ ಪೆಡರ್ಸನ್ 1950ರ ದಶಕದಲ್ಲಿ ವಿವರಿಸಿದಂತೆ, ಸಕ್ಕರೆ ಮಿತಿಮೀರಿ ಬಂದಾಗ ಶಿಶುವು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಿ, ಕೊಬ್ಬು ಕೂಡಿಸಿಕೊಂಡು ಅತಿಯಾಗಿ ಬೆಳೆಯುವುದು. ಹೆರಿಗೆ ಕಷ್ಟವಾಗುವುದು. ಹೊಕ್ಕುಳುಬಳ್ಳಿಯನ್ನು ಕತ್ತರಿಸಿದೊಡನೆ ಸಕ್ಕರೆಯ ಪೂರೈಕೆ ನಿಲ್ಲುತ್ತದೆ, ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಆಗ ಹಸುಳೆಯ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಮಗು ಗುಂಡುಗುಂಡಾಗಿದೆಯೆಂದು ಮನೆಯವರು ಹಿಗ್ಗುವುದು ಯಾವಾಗಲೂ ಸಲ್ಲದು!

ಇಲ್ಲಿ ವ್ಯಾಯಾಮಕ್ಕೇನು ಕೆಲಸ? ದುಡಿಯುವ ಸ್ನಾಯು ಇನ್ಸುಲಿನ್ನಿನ ಕರೆಗಾಗಿ ಕಾಯುವುದಿಲ್ಲ. ಅದು ಸಂಕುಚಿಸಿದಾಗ ಅದೇ ಪ್ರೋಟೀನುಗಳು ಬೇರೊಂದು ಮಾರ್ಗದ ಪ್ರೇರಣೆಯಿಂದ ಹೊರಪೊರೆಗೆ ಬರುತ್ತವೆ. ಕಿವುಡಾದ ಸ್ನಾಯುವಿನಲ್ಲೂ ಈ ಮಾರ್ಗ ತೆರೆದೇ ಇರುತ್ತದೆ. ಅಷ್ಟೇ ಅಲ್ಲ, ದುಡಿದ ಸ್ನಾಯುವಿಗೆ ಮುಂದೆ ಹಲವು ಗಂಟೆಗಳ ಕಾಲ ಇನ್ಸುಲಿನ್ನಿನ ಕರೆಯೂ ಚೆನ್ನಾಗಿ ಕೇಳಿಸುತ್ತದೆ. ಊಟವಾದ ಸುಮಾರು ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಶಿಖರಕ್ಕೇರುವುದರಿಂದ, ಪ್ರತಿ ಊಟದ ಬಳಿಕ 10–15 ನಿಮಿಷ ನಡೆಯುವುದು ಯುಕ್ತ. ತೊಡೆಯ ಸ್ನಾಯುಗಳು ದೇಹದಲ್ಲೆಲ್ಲ ದೊಡ್ಡವು. ಅವೇ ಹೆಚ್ಚು ಸಕ್ಕರೆಯನ್ನು ಹೀರುವುವು. ಬಸುರಿಯು ಅಲುಗಾಡಬಾರದು, ಇಬ್ಬರ ಊಟ ಉಣ್ಣಬೇಕು ಎಂಬ ಹಿರಿಯರ ವಾತ್ಸಲ್ಯದ ಮಾತು ಇಲ್ಲಿ ತಿರುಗುಬಾಣವಾಗುವುದು. ಒಲೆಯ ಮುಂದೆ ನಿಂತು ದಣಿಯುವುದೂ ನಡಿಗೆಗೆ ಸಮನಲ್ಲ.

ವಾರಕ್ಕೆ ಒಟ್ಟು 150 ನಿಮಿಷಗಳ ಮಧ್ಯಮ ವ್ಯಾಯಾಮವನ್ನು ವೈದ್ಯರು ಹೇಳುತ್ತಾರೆ. ನಡೆಯುತ್ತಲೇ ಮಾತನಾಡಲು ಬರುವಂತಿದ್ದರೆ ವೇಗ ಸರಿಯೆಂದು ತಿಳಿಯಬೇಕು. ರಕ್ತಸ್ರಾವ, ನೀರು ಸೋರಿಕೆ, ಏರಿದ ರಕ್ತದೊತ್ತಡ, ಅಕಾಲದ ನೋವು ಇರುವವರು ವೈದ್ಯರನ್ನು ಕೇಳದೆ ತೊಡಗಕೂಡದು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗೆ ನಡಿಗೆಯಿಂದ ಸಕ್ಕರೆ ತೀರ ಇಳಿಯಬಹುದು.

ಭಾರತದ ಮಾರ್ಗಸೂಚಿಯಂತೆ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಯ ನಂತರ 100 ಮಿಲಿಲೀಟರ್ ರಕ್ತದ್ರವದಲ್ಲಿ 140 ಮಿಲಿಗ್ರಾಂ ಅಥವಾ ಹೆಚ್ಚು ಸಕ್ಕರೆ ಕಂಡರೆ ಗರ್ಭಕಾಲದ ಮಧುಮೇಹವೆಂದು ನಿರ್ಣಯಿಸುವರು. ಮೊದಲ ಎರಡು ವಾರ ಪಥ್ಯ ಮತ್ತು ನಡಿಗೆ. ಊಟದ ಎರಡು ಗಂಟೆಯ ಬಳಿಕದ ಅಳತೆ ಆಗಲೂ 120ಕ್ಕಿಂತ ಕೆಳಗಿಳಿಯದಿದ್ದರೆ ಔಷಧ ಬೇಕಾಗುವುದು. ಹೆರಿಗೆಯಲ್ಲಿ ಮಾಸು ಹೊರಬಿದ್ದ ಮೇಲೆ ಸಕ್ಕರೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುವುದು; ಆದರೂ ಆರು ವಾರಗಳ ನಂತರ ಬಾಣಂತಿಗೆ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು.