ನೋವಿನಲ್ಲಿ ಬಗೆ: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಅಡಿಕೆ ಕೊನೆ ಕೊಯ್ಲು, ಕಾಫಿ ಹಣ್ಣಿನ ಕೊಯ್ಲು ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಬರುವ ನಮ್ಮ ಭಾಗದಲ್ಲಿ ಹಂಗಾಮು ಮುಗಿಯುವ ಹೊತ್ತಿಗೆ ನೋವಿಲ್ಲದ ಮೈ ಸಿಗುವುದು ಅಪರೂಪ. ಅಡಿಕೆ ಸುಲಿಯುವವರ ಬೆರಳು, ಹಣ್ಣು ಕೊಯ್ಯುವವರ ಹೆಗಲು, ಮೂಟೆ ಹೊರುವವರ ಸೊಂಟ, ಲೆಕ್ಕ ಬರೆಯುವವರ ಕತ್ತು, ಎಲ್ಲಕ್ಕೂ ಒಂದೇ ಮುಲಾಮು, ಒಂದೇ ಮಾತ್ರೆ. ನೋವು ಹೆಚ್ಚಾದರೆ ಡಾಕ್ಟರು, ಕಡಿಮೆಯಾದರೆ ಮುಲಾಮು ಎಂಬುದು ಬಹುತೇಕ ಮನೆಗಳ ಲೆಕ್ಕ. ಈ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. ಉಗುರಿನ ಸಂದಿಗೆ ಹೊಕ್ಕ ಸಿಬಿರು ಗಟ್ಟಿ ಆಳನ್ನೂ ಕೂಗಿಸೀತು. ಹೃದಯದ ರಕ್ತನಾಳ ಕಟ್ಟಿಕೊಂಡವನು ಮಾತ್ರ 'ಏನೋ ಎದೆ ಬಿಗಿ' ಎಂದು ಜಗಲಿಯಲ್ಲಿ ಕುಳಿತಿರಬಹುದು. ಆದ್ದರಿಂದ ನೋವು ಎಷ್ಟಿದೆ ಎಂಬುದಕ್ಕಿಂತ ಎಂಥದ್ದು ಎಂಬುದನ್ನು ಮೊದಲು ವಿಚಾರಿಸಬೇಕು.

ಇದನ್ನು ಹೇಳಲು ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ಉರಿ, ಚುಚ್ಚು, ಸೆಳೆತ, ಛಳುಕು, ಜೋಮು, ಹಿಂಡಿದಂತೆ, ನುಲಿದಂತೆ, ಸಿಡಿದಂತೆ, ಹೀಗೆ ಬೇಕಾದಷ್ಟಿವೆ. ಆದರೆ ವೈದ್ಯರ ಮುಂದೆ ಕುಳಿತೊಡನೆ ಎಲ್ಲ ಮರೆತು 'ತಡೆಯಲಾರದ ನೋವು ಸ್ವಾಮಿ' ಎಂದುಬಿಡುತ್ತೇವೆ. ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ ಅವರು 1975ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು ಅದರಲ್ಲಿ 20 ಗುಂಪುಗಳಾಗಿ ವಿಂಗಡಿಸಲಾಗಿದೆ. ರೋಗಿ ಆರಿಸುವ ಪದವೇ ರೋಗದ ಜಾಡು ಹಿಡಿಯಲು ನೆರವಾಗುತ್ತದೆ ಎಂಬುದು ಅದರ ಹಿಂದಿನ ವಿಚಾರ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಪೆಟ್ಟಿನ ನೋವು. ಚರ್ಮ, ಮಾಂಸ, ಕೀಲು, ಮೂಳೆಗೆ ಘಾಸಿಯಾದಾಗ ಬರುವಂಥದ್ದು. ಕತ್ತಿ ತಗುಲಿದ ಕೂಡಲೇ ಚುರುಕ್ಕೆನ್ನುವ ನೋವೊಂದು, ಸ್ವಲ್ಪ ತಡೆದು ಮಂದವಾಗಿ ಹರಡುವ ಇನ್ನೊಂದು ಇರುವುದನ್ನು ಗಮನಿಸಿರಬಹುದು. ಸುದ್ದಿ ಒಯ್ಯುವ ನರದ ಎಳೆಗಳು ಎರಡು ತರಹ. ಒಂದು ಸೆಕೆಂಡಿಗೆ ಹತ್ತಾರು ಅಡಿ ಓಡುತ್ತದೆ, ಇನ್ನೊಂದು ಐದಾರು ಅಡಿಯನ್ನೂ ದಾಟದು. ಪೆಟ್ಟು ಬಿದ್ದ ಜಾಗವನ್ನು ಕೈ ತಾನಾಗಿಯೇ ಉಜ್ಜುತ್ತದಲ್ಲ, ಅದಕ್ಕೂ ಅರ್ಥವಿದೆ. ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಡೆಹಿಡಿಯುತ್ತದೆ ಎಂಬ 'ದ್ವಾರ' ಸಿದ್ಧಾಂತವನ್ನು ಇದೇ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಅವರೊಡನೆ 1965ರಲ್ಲಿ ಮಂಡಿಸಿದರು. ಈ ಬಗೆಯ ನೋವು ಅಲುಗಿದರೆ ಹೆಚ್ಚುತ್ತದೆ, ವಿಶ್ರಾಂತಿಯಲ್ಲಿ ತಗ್ಗುತ್ತದೆ, ಗಾಯ ಮಾಗಿದಂತೆ ಹೋಗುತ್ತದೆ. ಮೂಳೆ ಮುರಿದಿಲ್ಲವೆಂದಾದರೆ ನಾಲ್ಕು ದಿನ ಕಾದು ನೋಡಲು ಅಡ್ಡಿಯಿಲ್ಲ.

ಎರಡನೆಯದು ನರದ ನೋವು. ಇಲ್ಲಿ ಸುದ್ದಿ ತರುವ ತಂತಿಯೇ ಕೆಟ್ಟಿರುತ್ತದೆ. ಇದರ ಗುರುತು ಉರಿ, ಜೋಮು, ವಿದ್ಯುತ್ ಹೊಡೆದಂಥ ಛಳುಕು. ಸುಲಿಯುವ ಕತ್ತಿಯ ಮುಂದೆ ದಿನಗಟ್ಟಲೆ ಕೂರುವವರಿಗೆ, ಗಿಡ ಕಸಿ ಮಾಡುವ ಕತ್ತರಿ ಹಿಡಿದವರಿಗೆ ನಡುರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ; ಕೈ ಕೊಡವಿದರೆ ಹಾಯೆನಿಸುತ್ತದೆ; ಕಿರುಬೆರಳಿಗೆ ಮಾತ್ರ ಏನೂ ಆಗಿರುವುದಿಲ್ಲ. ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಹಾಯುವ ನರ ಅದುಮಿ ಹೋಗಿರುವುದರ ಲಕ್ಷಣವಿದು. ಬೆರಳಿಗೆ ಎಣ್ಣೆ ತಿಕ್ಕಿ ಫಲವಿಲ್ಲ. ಹೆಬ್ಬೆರಳಿನ ಬುಡದ ಮಾಂಸ ಸೊರಗುವ ಮೊದಲೇ ತೋರಿಸಬೇಕು. ಸಕ್ಕರೆ ಕಾಯಿಲೆಯವರ ಅಂಗಾಲಿನ ಉರಿಯೂ ಇದೇ ಜಾತಿಯದು. ಸರ್ಪಸುತ್ತು ಮಾಗಿದ ಮೇಲೂ ತಿಂಗಳುಗಟ್ಟಲೆ ಉಳಿಯುವ ಉರಿಯೂ ಅಷ್ಟೆ. ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುವವರು ಹಚ್ಚಲಿ, ಆದರೆ ಗುಳ್ಳೆ ಎದ್ದ 72 ಗಂಟೆಗಳೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾದರೆ ಹೆಚ್ಚು ಗುಣ. ನರದ ನೋವಿಗೆ ಅಂಗಡಿಯ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ. ನಾಟಲಿಲ್ಲವೆಂದು ಎರಡರ ಬದಲು ನಾಲ್ಕು ನುಂಗುವವರು ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸಿಕೊಳ್ಳುತ್ತಾರೆ. ಇದಕ್ಕೆ ಬೇರೆಯೇ ಔಷಧಿಗಳಿವೆ, ವೈದ್ಯರು ಬರೆದುಕೊಡಬೇಕು.

ಗಾಯವೂ ಇಲ್ಲ, ನರವೂ ಕೆಟ್ಟಿಲ್ಲ, ಆದರೂ ಮೂರು ತಿಂಗಳು ದಾಟಿದ ಮೈಕೈ ನೋವು ಇನ್ನೊಂದು ಬಗೆ. ನೋವನ್ನು ಅಳೆಯುವ ಮಿದುಳು, ಬೆನ್ನುಹುರಿಗಳೇ ಅತಿ ಸೂಕ್ಷ್ಮವಾಗಿರುವ ಸ್ಥಿತಿಯಿದು. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು ಇದಕ್ಕೆ ಪ್ರತ್ಯೇಕ ಹೆಸರು ಕೊಟ್ಟದ್ದು 2017ರಲ್ಲಷ್ಟೆ. ಮನೆಯ ಹೆಂಗಸರು ಇಂಥ ನೋವು ಹೇಳಿಕೊಂಡರೆ 'ಸುಮ್ಮನೆ ನೆಪ' ಎನ್ನುವವರಿದ್ದಾರೆ. ನೆಪವಲ್ಲ. ನಿದ್ದೆ ಸರಿಪಡಿಸಿಕೊಂಡು ದಿನಕ್ಕಿಷ್ಟು ನಡಿಗೆ ಹೆಚ್ಚಿಸುತ್ತ ಹೋಗುವುದು ಇದಕ್ಕೆ ಮಾತ್ರೆಗಿಂತ ಮೇಲು.

ಇನ್ನು ಒಳಗಿನ ಅಂಗಗಳ ನೋವು. ನಮ್ಮಲ್ಲಿ ಜೀವ ಹೋಗುವುದು ಹೆಚ್ಚಾಗಿ ಇದನ್ನು ಗುರುತಿಸದೆ. ಒಳಗಿನ ಅಂಗ ತಾನಿರುವ ಜಾಗವನ್ನು ಸರಿಯಾಗಿ ಹೇಳುವುದಿಲ್ಲ. ಹೃದಯದಿಂದ ಬರುವ ನರಗಳೂ ಎಡತೋಳಿನ ಒಳಮಗ್ಗುಲಿನ ನರಗಳೂ ಬೆನ್ನುಹುರಿಯ ಒಂದೇ ಭಾಗವನ್ನು ಸೇರುವುದರಿಂದ ಮಿದುಳಿಗೆ ಸುದ್ದಿ ಎಲ್ಲಿಯದೆಂದು ತಿಳಿಯದು. ಹೀಗಾಗಿ ಹೃದಯದ ನೋವು ತೋಳು, ದವಡೆ, ಬೆನ್ನು, ಕೆಲವೊಮ್ಮೆ ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸುತ್ತದೆ. ಪಿತ್ತಕೋಶದ ನೋವು ಬಲಹೆಗಲಿಗೆ ಹೊಡೆಯುತ್ತದೆ. ಅಪೆಂಡಿಕ್ಸಿನದು ಹೊಕ್ಕುಳ ಸುತ್ತ ಹುಟ್ಟಿ ಆಮೇಲೆ ಬಲಗೆಳಹೊಟ್ಟೆಗೆ ಇಳಿಯುತ್ತದೆ. ರೋಗಿಯ ವರ್ತನೆಯನ್ನೂ ನೋಡಿ: ಮೂತ್ರಕೋಶದ ಕಡೆಗೆ ಕಲ್ಲು ಇಳಿಯುವಾಗ ಮನುಷ್ಯ ಹೊರಳಾಡುತ್ತಾನೆ, ಕರುಳು ತೂತಾಗಿ ಹೊಟ್ಟೆಯೊಳಗೆ ಕೀವಾದವನು ಅಲುಗದೆ ಮಲಗಿರುತ್ತಾನೆ. ಸುಮ್ಮನೆ ಮಲಗಿದ್ದಾನಲ್ಲ, ವಾಸಿ ಎಂದುಕೊಳ್ಳಬಾರದು.

ಎದೆಯ ಮೇಲೆ ಮೂಟೆ ಇಟ್ಟಂಥ ಭಾರ, ಜೊತೆಗೆ ತಣ್ಣನೆಯ ಬೆವರು, ಉಬ್ಬಸ ಅಥವಾ ವಾಂತಿ ಬಂದಂತಾದರೆ ಅದನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಬೆಳಗಿನವರೆಗೆ ಕಾಯಬಾರದು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸವಾಗಿಯೂ ಬರಬಹುದು. ಕಟ್ಟಿದ ನಾಳವನ್ನು ತೆರೆಯುವ ಚಿಕಿತ್ಸೆ ಮೊದಲ ಕೆಲವು ಗಂಟೆಗಳಲ್ಲಿ ಕೊಡುವ ಫಲ ಆಮೇಲೆ ಕೊಡದು. ತೋಟದಿಂದ ಡಾಂಬರು ರಸ್ತೆಗೆ ಬರುವುದಕ್ಕೇ ಅರ್ಧ ಗಂಟೆ ಬೇಕಾದ ನಮ್ಮಲ್ಲಿ ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ತಿಳಿದಿರಬೇಕು. 108ಕ್ಕೆ ಫೋನು ಮಾಡಬೇಕು. ರೋಗಿ ತಾನೇ ಜೀಪು ಓಡಿಸಿಕೊಂಡು ಹೋಗುವ ಧೈರ್ಯ ಬೇಡ.

ನೋವಿಲ್ಲದಿರುವುದೂ ಕೆಲವು ಸಲ ಕೆಟ್ಟ ಸುದ್ದಿಯೇ. ಅಡಿಕೆ ಮರದಿಂದ ಬಿದ್ದವನು 'ಕಾಲು ನೋಯುತ್ತಿಲ್ಲ' ಎಂದರೆ ಹಿಗ್ಗುವ ಮೊದಲು ಬೆರಳು ಆಡಿಸಲು ಹೇಳಿ, ಪಾದ ಮುಟ್ಟಿದ್ದು ತಿಳಿಯುತ್ತದೆಯೇ ಎಂದು ಕೇಳಿ. ತಿಳಿಯದಿದ್ದರೆ ಬೆನ್ನುಹುರಿಗೆ ಪೆಟ್ಟಾಗಿದೆ. ಕೂರಿಸಬಾರದು, ನೀರು ಕುಡಿಸಲು ತಲೆ ಎತ್ತಬಾರದು, ಕೈಕಾಲು ಹಿಡಿದು ಎತ್ತಲಂತೂ ಕೂಡದು. ಆಂಬುಲೆನ್ಸ್ ತೋಟದವರೆಗೆ ಬರುವಂತಿದ್ದರೆ ಬಿದ್ದಲ್ಲೇ ಇರಲಿ. ಸಾಗಿಸಲೇಬೇಕಾದರೆ ಒಬ್ಬರು ತಲೆ, ಕತ್ತುಗಳನ್ನು ಅಲುಗದಂತೆ ಹಿಡಿದು, ಉಳಿದ ಮೂರ್ನಾಲ್ಕು ಮಂದಿ ಮರದ ದಿಮ್ಮಿ ಉರುಳಿಸಿದಂತೆ ಇಡೀ ಮೈಯನ್ನು ಒಟ್ಟಿಗೇ ಮಗ್ಗುಲಾಗಿಸಿ, ಅಗಲವಾದ ಹಲಗೆಯನ್ನೋ ಕಳಚಿದ ಬಾಗಿಲನ್ನೋ ಕೆಳಗೆ ಸರಿಸಿ, ಅದರ ಮೇಲೆಯೇ ಕಟ್ಟಿ ಒಯ್ಯಬೇಕು.