ಕಾಂಡೊ ಸಾಲಕ್ಕೆ ಮುನ್ನ ಸಂಘದ ಶುಲ್ಕ ನೋಡಿ

ಅಮೆರಿಕದಲ್ಲಿ ಕಾಂಡೊ (ಹಲವು ಮಾಲೀಕರಿರುವ ಕಟ್ಟಡದೊಳಗಿನ ಸ್ವಂತ ಮನೆ) ಕೊಂಡವರು ಬ್ಯಾಂಕಿನ ಕಂತಲ್ಲದೆ ಮಾಲೀಕರ ಸಂಘಕ್ಕೂ ಶುಲ್ಕ ಕಟ್ಟಬೇಕು. ಚಾವಣಿ, ಲಿಫ್ಟು, ಕಟ್ಟಡದ ವಿಮೆಯ ಖರ್ಚು ನಡೆಯುವುದು ಅದರಿಂದಲೇ. ಸಾಮಾನ್ಯವಾಗಿ ಈ ಹಣ ಸಾಲದ ಕಂತಿನಲ್ಲಿ ಸೇರಿರುವುದಿಲ್ಲ. ಸಾಲದ ಅರ್ಹತೆ ಅಳೆಯುವಾಗ ಮಾತ್ರ ಬ್ಯಾಂಕು ಅದನ್ನು ಲೆಕ್ಕಕ್ಕೆ ಹಿಡಿದೇ ಹಿಡಿಯುತ್ತದೆ.

ತೆರಿಗೆಗೆ ಮುಂಚಿನ ತಿಂಗಳ ಆದಾಯ 9,000 ಡಾಲರ್, ಎಲ್ಲ ಕಂತುಗಳ ಮಿತಿ ಅದರ ಶೇ 45 ಎಂದುಕೊಳ್ಳೋಣ. ಅಂದರೆ 4,050 ಡಾಲರ್. ಕಾರಿನ ಕಂತು 500, ಆಸ್ತಿ ತೆರಿಗೆ ಮತ್ತು ವಿಮೆ 550 ಕಳೆದರೆ ಉಳಿಯುವುದು 3,000. ಸಂಘದ ಶುಲ್ಕ 400 ಆದರೆ ಮನೆಸಾಲದ ಕಂತಿಗೆ 2,600 ಮಾತ್ರ. ಶೇ 7 ಬಡ್ಡಿಯ 30 ವರ್ಷದ ಸಾಲದಲ್ಲಿ ಆ 400 ಡಾಲರಿನಿಂದ ಸುಮಾರು 60,000 ಡಾಲರ್ ಸಾಲ ಕೈತಪ್ಪುತ್ತದೆ.

ಹಾಗೆಂದು ಶುಲ್ಕ ಅಗ್ಗವೆಂದು ಮರುಳಾಗುವುದು ಇನ್ನೂ ಅಪಾಯ. ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರಂದು ಕಾಂಡೊ ಕಟ್ಟಡ ಕುಸಿದು 98 ಮಂದಿ ಸತ್ತರು. ಅಲ್ಲಿ ದೊಡ್ಡ ದುರಸ್ತಿ ಬಾಕಿಯಿತ್ತು, ಮೀಸಲು ನಿಧಿ ಸಾಲದಾಗಿತ್ತು. ಆಮೇಲೆ, ಬ್ಯಾಂಕುಗಳು ಕೊಟ್ಟ ಮನೆಸಾಲಗಳನ್ನು ಕೊಳ್ಳುವ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಸಂಸ್ಥೆಗಳು ಕಟ್ಟಡದ ಸ್ಥಿತಿಯ ಪರಿಶೀಲನೆ ಬಿಗಿಮಾಡಿದವು. ಶೇ 15ಕ್ಕಿಂತ ಹೆಚ್ಚು ಮನೆಗಳ ಶುಲ್ಕ 60 ದಿನ ಮೀರಿ ಬಾಕಿಯಿದ್ದರೂ ಫ್ಯಾನಿ ಮೇ ನಿಯಮದಡಿ ಸಾಲ ಕಷ್ಟ. ಕೊಳ್ಳುವವರ ಸಂಬಳ ಎಷ್ಟೇ ಚೆನ್ನಾಗಿರಲಿ.

ಆದ್ದರಿಂದ ಒಪ್ಪಂದ ಗಟ್ಟಿಯಾಗುವ ಮೊದಲೇ ಸಂಘದ ಬಜೆಟ್, ಮೀಸಲು ನಿಧಿಯ ವರದಿ, ಈಚಿನ ಸಭೆಗಳ ನಡಾವಳಿ ಕೇಳಿ ಪಡೆಯಬೇಕು. ದುರಸ್ತಿಗೆಂದು ವಿಶೇಷ ವಂತಿಗೆ ಹಾಕುವ ಮಾತು ಮೊದಲು ಕಾಣಿಸುವುದು ಆ ನಡಾವಳಿಯಲ್ಲೇ.